ಪಾಲಿಗೆ ಬಂದ ಕೆಲಸ

"ಅತ್ತೆ, ಬೇಡ!"

ಓಡಿಬಂದ ಕಿರಿಸೊಸೆ ಅತ್ತೆಯ ಕೈಯಿಂದ ಲೈಟರ್ ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಒಲೆಯ ಗುಂಡಿ ತಿರುಗಿಸಿದಳು, ಸಿಲಿಂಡರ್ ಬಂದ್ ಮಾಡಿದಳು, ಕಿಟಕಿಯ ಎರಡೂ ಕದ ತೆರೆದಳು. ದೊಡ್ಡ ಪಾತ್ರೆ ಉಕ್ಕಿ ಉರಿ ಆರಿಹೋಗಿತ್ತು, ಗ್ಯಾಸ್ ಮಾತ್ರ ಬರುತ್ತಲೇ ಇತ್ತು. ಹೊಸ್ತಿಲಲ್ಲೇ ಉಸಿರು ಕಟ್ಟಿಸುವ ಆ ವಾಸನೆಯ ನಡುವೆ ಅತ್ತೆ ಏನೂ ಆಗದವರಂತೆ ಪಕ್ಕದ ಒಲೆ ಹಚ್ಚಲು ಹೊರಟಿದ್ದರು.

"ವಾಸನೆ ಬರ್ಲಿಲ್ವಾ ಅತ್ತೆ ನಿಮಗೆ?"

ಅತ್ತೆ ಮೊದಲು ಹೋಗಿ ನಡುಮನೆಯ ಬಾಗಿಲು ಮುಂದೆ ಮಾಡಿದರು.

ರಜೆಗೆ ಮನೆಮಂದಿಯೆಲ್ಲ ಸೇರುವ ಊಟಕ್ಕೆ ಇಷ್ಟು ವರ್ಷವೂ ಅತ್ತೆ ಒಬ್ಬರೇ ಅಡುಗೆ ಮಾಡಿದವರು. ಸೊಸೆಯರು ಸೌಟು ಮುಟ್ಟಿದರೆ ಕಣ್ಣಲ್ಲೇ ಸುಡುತ್ತಿದ್ದರು. ಅಂಥವರು ಈ ಸಲ ತಾವಾಗಿಯೇ ಕೆಲಸ ಹಂಚಿದ್ದರು. ಕೈಗೂಸಿನ ತಾಯಿ ಹಿರಿಸೊಸೆಗೆ ಸಿಹಿ, ಅವಳ ಗಂಡನಿಗೆ ಈರುಳ್ಳಿ, ಕಿರಿಮಗನಿಗೆ ಪಾತ್ರೆ. "ಸೂರ್ಯ ಇವತ್ತು ಯಾವ ಕಡೆ ಹುಟ್ಟಿದಾನೆ ಅಂತ ಯಾರಾದ್ರೂ ನೋಡ್ಕೊಂಡು ಬನ್ರಪ್ಪಾ" ಎಂದು ಹಿರಿಮಗ ಈರುಳ್ಳಿಯ ಮುಂದೆ ಕಣ್ಣೀರು ಸುರಿಸುತ್ತಲೇ ನಗಾಡಿದ್ದ. ಕಿರಿಸೊಸೆಯ ಪಾಲಿಗೆ ಮಾತ್ರ ಯಾವ ಕೆಲಸವೂ ಬಂದಿರಲಿಲ್ಲ. "ನೀನು ನನ್ನ ಪಕ್ಕದಲ್ಲಿ ನಿಂತಿರು, ಅಷ್ಟು ಸಾಕು" ಎಂದಿದ್ದರು. ತನ್ನ ಕೈಯಡುಗೆಯ ಮೇಲೆ ಅತ್ತೆಗೆ ನಂಬಿಕೆಯಿಲ್ಲ ಎಂದುಕೊಂಡು ಅವಳು ಬೆಳಗ್ಗಿನಿಂದ ಮುಖ ಊದಿಸಿಕೊಂಡೇ ನಿಂತಿದ್ದಳು. ಈಗ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಹೀಗಾಗಿತ್ತು.

"ಆವಾಗ ಜ್ವರ ಬಂದು ಮಲಗಿದ್ನಲ್ಲ, ಅಲ್ಲಿಂದೀಚೆಗೆ ಯಾವ ವಾಸನೆನೂ ಗೊತ್ತಾಗ್ತಿಲ್ಲ ಕಣೇ" ಎಂದರು ಅತ್ತೆ, ಪಿಸುದನಿಯಲ್ಲಿ. "ಹಾಲು ಸೀದ್ರೂ ತಿಳಿಯಲ್ಲ. ರುಚಿನೂ ಅಷ್ಟಕ್ಕಷ್ಟೇ. ಅದಕ್ಕೇ ಹಂಚಿದ್ದು. ಎಲ್ಲಾ ನಾನೇ ಮಾಡಿದ್ರೆ ಯಾವುದಾದ್ರೂ ಒಂದ್ರಲ್ಲಿ ಸಿಕ್ಕಿಬೀಳ್ತಿದ್ದೆ."

"ಮತ್ತೆ ನನ್ನನ್ಯಾಕೆ ಪಕ್ಕದಲ್ಲಿ ನಿಲ್ಲಿಸ್ಕೊಂಡ್ರಿ?"

"ನೀನು ಬಂದಾಗಿಂದ ನೋಡ್ತಾನೇ ಇದೀನಿ. ಎಣ್ಣೆ ಕಾದ್ರೆ ಸಾಕು, ಮೂಗಿಗೆ ಬಟ್ಟೆ ಒತ್ಕೋತೀಯ. ಬಸುರಿ ಮೂಗಿಗಿಂತ ಚುರುಕಾದ ಮೂಗು ಈ ಮನೇಲಿ ಇನ್ಯಾರಿಗಿದೆ?"

ಕಿರಿಸೊಸೆಯ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಹೋದ ಸಲ ಎಲ್ಲರಿಗೂ ಹೇಳಿಕೊಂಡು ಕುಣಿದಾಡಿ, ಆಮೇಲೆ ಕಳೆದುಕೊಂಡವಳು ಅವಳು. ಈ ಸಲ ಗಂಡನಿಗೆ ಬಿಟ್ಟು ಯಾರ ಕಿವಿಗೂ ಹಾಕಿರಲಿಲ್ಲ. ಬಾಯಿ ಬಿಟ್ಟರೆ ಇದೂ ಹೋದೀತೆಂಬ ಹೆದರಿಕೆ ಅವಳಿಗೆ.

"ನಾನು ಬರೋದು ಸ್ವಲ್ಪ ತಡ ಆಗಿದ್ದಿದ್ರೆ ಏನಾಗ್ತಿತ್ತು ಅತ್ತೆ? ಸೋಮವಾರದಿಂದ ಅಕ್ಕ ಮಗೂನ ನಿಮ್ಮ ಹತ್ರ ಬಿಟ್ಟು ಕೆಲಸಕ್ಕೆ ಹೋಗ್ತಾಳೆ. ಹಗಲೆಲ್ಲ ನೀವು, ಆ ಹಸುಗೂಸು, ಇಬ್ಬರೇ."

"ಹುಷಾರಾಗಿರ್ತೀನಿ."

"ಇವತ್ತೂ ಹುಷಾರಾಗೇ ಇದ್ರಲ್ಲ."

ಅತ್ತೆ ಬಂದು ಅವಳ ಎರಡೂ ಕೈ ಹಿಡಿದುಕೊಂಡರು. ಇಡೀ ಮನೆ ಹೆದರುತ್ತಿದ್ದ ಹೆಂಗಸು ತನ್ನೆದುರು ಹೀಗೆ ಹೆದರಿ ನಿಂತದ್ದನ್ನು ಕಂಡು ಕಿರಿಸೊಸೆಗೆ ಇನ್ನಷ್ಟು ಭಯವಾಯಿತು.

"ಹೇಳ್ಬೇಡ ಕಣೇ, ನಿನ್ನ ದಮ್ಮಯ್ಯ. ಗೊತ್ತಾದ್ರೆ ಮಗೂನೂ ಕೊಡಲ್ಲ, ಒಲೆ ಹತ್ರನೂ ಬಿಡಲ್ಲ. ಮೂಲೇಲಿ ಕೂರಿಸಿ ತಟ್ಟೆ ತಂದು ಮುಂದಿಡ್ತಾರೆ."

"ಊಟ ಮುಗಿಯೋದ್ರೊಳಗೆ ನೀವೇ ಹೇಳ್ಬಿಡಿ ಅತ್ತೆ. ಇಲ್ದಿದ್ರೆ ನಾನು ಹೇಳ್ಬೇಕಾಗತ್ತೆ."

ಊಟಕ್ಕೆ ಕುಳಿತವರೆಲ್ಲ ಬಾಯಿ ತುಂಬ ಹೊಗಳಿದರು. "ಹಂಚ್ಕೊಂಡು ಮಾಡಿದ್ರೆ ಎಷ್ಟು ಹಗುರ ನೋಡಿ ಅತ್ತೆ, ನಿಮಗೆ ಬುದ್ಧಿ ಬರೋಕೆ ಇಷ್ಟು ವರ್ಷ ಬೇಕಾಯ್ತು" ಎಂದು ಹಿರಿಸೊಸೆ ಸಲುಗೆಯಿಂದ ರೇಗಿಸಿದಳು. ಅತ್ತೆ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ನಗುತ್ತಿದ್ದರು. ಕಿರಿಸೊಸೆಗೆ ಮಾತ್ರ ಬಾಯೊಳಗಿನ ತುತ್ತು ಬಿಸಿ ತುಪ್ಪವಾಗಿತ್ತು, ನುಂಗಲೂ ಆಗದು, ಉಗುಳಲೂ ಆಗದು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಅತ್ತೆಯ ಮುಖವನ್ನೇ ನೋಡಿದಳು. ಅತ್ತೆ ಅವಳತ್ತ ತಿರುಗಲೇ ಇಲ್ಲ.

"ಸೋಮವಾರ ಬೆಳಗ್ಗೆ ಬೇಗನೇ ಮಗೂನ ತಂದು ಬಿಡ್ತೀನಿ" ಎಂದಳು ಹಿರಿಸೊಸೆ.

"ಅಕ್ಕಾ..." ಕಿರಿಸೊಸೆ ಕೈಯ ತುತ್ತು ಕೆಳಗಿಟ್ಟಳು. "ಸೋಮವಾರ ಬೇಡ. ಇವತ್ತು ಅಡುಗೆಮನೇಲಿ ಅತ್ತೆ..."

"ಅವಳಿಗೆ ಇನ್ನೊಂದು ಸಿಹಿ ಹಾಕ್ರೇ!" ಅತ್ತೆಯ ದನಿ ಎಲ್ಲರ ದನಿಯನ್ನೂ ಮೀರಿ ಎದ್ದಿತು. "ಎರಡು ಜೀವದವಳು. ಯಾರಿಗೂ ಹೇಳ್ದೆ ಮುಚ್ಚಿಟ್ಕೊಂಡಿದಾಳೆ ಕಳ್ಳಿ!"

ಮನೆಯೆಲ್ಲ ಹೋ ಎಂದಿತು. ಯಾರೋ ಚಪ್ಪಾಳೆ ತಟ್ಟಿದರು, ಯಾರೋ ಅವಳ ಗಂಡನ ಬೆನ್ನಿಗೆ ಗುದ್ದಿದರು. ಕಿರಿಸೊಸೆ ಏನೋ ಹೇಳಲು ಬಾಯಿ ತೆರೆದಳು, ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಹಿರಿಸೊಸೆ ಎಂಜಲು ಕೈಯನ್ನೇ ಎತ್ತಿಹಿಡಿದು ಬಂದು ಅವಳನ್ನು ತಬ್ಬಿಕೊಂಡಳು.

"ಅಳ್ತಿದೀಯಾ ಹುಚ್ಚೀ? ನಿನ್ನ ಮಗೂನೂ ಇಲ್ಲೇ ಬಿಡುವೆಯಂತೆ. ಅತ್ತೆ ಇರೋವಾಗ ನಮಗೇನು ಭಯ?"

ಹಿರಿಸೊಸೆಯ ಹೆಗಲಾಚೆ ಅತ್ತೆ ಕಾಣಲಿಲ್ಲ. ಮಗುವಿಗೆ ಹಾಲು ಬಿಸಿ ಮಾಡುತ್ತೇನೆಂದು ಅದನ್ನೆತ್ತಿಕೊಂಡೇ ಒಳಗೆ ಹೋಗಿದ್ದರು. ಲೈಟರ್ ಇನ್ನೂ ಕಿರಿಸೊಸೆಯ ಸೊಂಟದಲ್ಲೇ ಒತ್ತುತ್ತಿತ್ತು. ಅಡುಗೆಮನೆಯಿಂದ ಬೆಂಕಿಕಡ್ಡಿ ಗೀರುವ ಸದ್ದು ಕೇಳಿಸಿತು. ಹತ್ತಲಿಲ್ಲವೇನೋ, ಮತ್ತೊಮ್ಮೆ ಗೀರಿದರು. ಕಿರಿಸೊಸೆ ಮುಖವೆತ್ತಿ ಗಾಳಿಯನ್ನು ಮೂಸಿ ನೋಡಿದಳು.