ಬೆರಳು ಓಡಿದ ಜಾಗ

ಆ ಹೆಂಗಸಿನ ಟೈಪ್‌ರೈಟರ್ ಇನ್ನೂ ಮೇಜಿನ ಮೇಲೇ ಕೂತಿತ್ತು.

ಗಂಡನ ಮಣ್ಣಿಗೆ ಬಂದ ನೆಂಟರಲ್ಲಿ ಕೊನೆಯವರು ಹಿಂದಿನ ಸಂಜೆಯ ಬಸ್ಸಿಗೆ ಹೊಳಲ್ಕೆರೆ ಬಿಟ್ಟಿದ್ದರು. ಹಾಲಿನವನು ಎಂದಿನಂತೆ ಬಂದ. ಸರ್ವಮಂಗಳ ಎಂದಿನಂತೆ ಎರಡು ಲೋಟ ತೊಳೆದಳು. ಆಮೇಲೆ ಒಂದನ್ನು ಎತ್ತಿ ಒಳಗಿಟ್ಟಳು. ಅಳು ಬರಲಿಲ್ಲ. ಬಂದದ್ದು ಹೊಟ್ಟೆಕಿಚ್ಚು.

ಅವಳ ಗಂಡ ಪಂಚಾಕ್ಷರಪ್ಪ ಕಚೇರಿಯಲ್ಲಿ ಹತ್ತು ವರ್ಷದ ಟೈಪಿಸ್ಟ್. ಅಂಥವನು ಮೂರು ತಿಂಗಳಿಂದ ಪ್ರತಿ ಭಾನುವಾರ ಚಿತ್ರದುರ್ಗದ ಟೈಪಿಂಗ್ ಶಾಲೆಗೆ ಹೋಗುತ್ತಿದ್ದ. ಕೇಳಿದರೆ 'ಕೆಲಸವಿದೆ' ಎನ್ನುತ್ತಿದ್ದ, ಅಷ್ಟೇ. ಅಲ್ಲಿ ಕಲಿಸುವವಳು ಹೆಂಗಸು ಎಂಬುದಷ್ಟೇ ಅವಳಿಗೆ ಗೊತ್ತು. ಕೊನೆಗೆ ಮಿಷಿನ್ನನ್ನೇ ಎರವಲು ತಂದ. ಅದರ ಪೆಟ್ಟಿಗೆಯಲ್ಲಿ ನಾಲ್ಕು ಹಾಳೆ ಸಿಕ್ಕಿದ್ದವು. ಮೇಲೆಲ್ಲ ಅಚ್ಚುಕಟ್ಟಾದ ಅರ್ಜಿಯ ಮಾದರಿ. ಪ್ರತಿ ಹಾಳೆಯ ಕೊನೆಗೆ ಮಾತ್ರ ಒಂದು ವಿಚಿತ್ರ ಸಾಲು: ಎಲ್ಲೆಲ್ಲೋ ದೀರ್ಘ, ಅಕ್ಷರವಿಲ್ಲದೆ ತೇಲುವ ಒತ್ತು. ನಾಲ್ಕರಲ್ಲೂ ಅದೇ. ಕನ್ನಡ ಎಂ.ಎ. ಮಾಡಿದವಳಿಗೂ ಒಂದು ಪದ ಬಿಡಿಸಲಾಗಲಿಲ್ಲ. ಇಬ್ಬರಿಗಷ್ಟೇ ಗೊತ್ತಿರುವ ಭಾಷೆ ಎಂದುಕೊಂಡಳು.

ಪಕ್ಕದ ಮನೆಯ ಚಂದ್ರಕ್ಕ ಉಪ್ಪಿಟ್ಟು ತಂದಳು. ಬಟ್ಟೆ ಹೊಲಿದುಕೊಂಡು ಒಬ್ಬಳೇ ಇರುವವಳು. ಅವಳ ಕಣ್ಣು ಇನ್ನೂ ಊದಿಕೊಂಡಿತ್ತು.

"ತಿನ್ನು ತಂಗಿ. ಆ ದರಿದ್ರದ್ದು ಇನ್ನೂ ಇಲ್ಲೇ ಐತಾ?"

"ಇವತ್ತು ಕೊಟ್ಟು ಬರ್ತೀನಿ ಅಕ್ಕ."

"ಕೊಟ್ಟು ಬಾ. ಆ ಕೊಟ್ರಮ್ಮನ ಮುಖ ಸರಿಯಾಗಿ ನೋಡ್ಕಂಡು ಬಾ. ಹೆಂಗದಾಳೆ, ಎಷ್ಟು ವಯಸ್ಸು, ಎಲ್ಲಾ ಹೇಳ್ಬೇಕು ನಂಗೆ. ಭಾನುವಾರ ಪೂರ್ತಿ ನುಂಗಿದ್ಲಲ್ಲ, ಮಾಟಗಾತಿ!"

ಕೊಟ್ರಮ್ಮ. ಗಂಡನ ಬಾಯಿಂದ ಆ ಹೆಸರು ಮನೆಯಲ್ಲಿ ಒಮ್ಮೆಯೂ ಬಂದಿರಲಿಲ್ಲ. ಬಚ್ಚಿಟ್ಟ ಹೆಸರೆಂದೇ ಅದು ಇನ್ನಷ್ಟು ಚುಚ್ಚಿತು.

ದುರ್ಗದಲ್ಲಿ ಪೆಟ್ಟಿಗೆ ಹೊತ್ತು ಶಾಲೆಯ ಮೆಟ್ಟಿಲು ಹತ್ತಿದಳು. ಕೊಟ್ರಮ್ಮನಿಗೆ ಅರವತ್ತು ದಾಟಿತ್ತು. ದಪ್ಪ ಕನ್ನಡಕ, ಬಾಯ್ತುಂಬ ಎಲೆಅಡಿಕೆ.

"ಬಾ ತಾಯಿ, ಕುಂತ್ಕ. ಸುದ್ದಿ ತಿಳೀತು. ಅವನಿಗೆ ಮೊದ್ಲು ಟೈಪಿಂಗ್ ಕಲ್ಸಿದ್ದೂ ನಾನೇ. ಈಗ ಕಚೇರಿಗೆ ಹೊಸ ಮಿಷಿನ್ ಬಂದ್ವು, ಅಕ್ಷರದ ಜಾಗ ಎಲ್ಲ ಅದಲುಬದಲು. ಮತ್ತೆ ಅ ಆ ಇ ಈ ಕಲೀತಿದೀನಿ ಅಂತ ಮನೇಲಿ ಹೇಳಾಕೆ ನಾಚ್ಕೆ ಅವನಿಗೆ. 'ನನ್ನ ಹೆಂಡ್ತಿ ಎಂ.ಎ. ಕಣಮ್ಮ' ಅಂತಿದ್ದ."

ಸರ್ವಮಂಗಳ ಪೆಟ್ಟಿಗೆ ತೆರೆದಳು. ಹಾಳೆ ಚಾಚಿದಳು. "ಹಾಗಾದ್ರೆ ಇದು?"

ಕೊಟ್ರಮ್ಮ ನೋಡಿ ನಕ್ಕಳು. "ಪಾಠ ನೋಡಿ ಹೊಡೆದ್ರೆ ಸರಿ ಬರ್ತಿತ್ತು. ಮನಸ್ಸಿಂದ ಏನಾರ ಹೊಡೆಯಾಕೆ ಹೋದ್ರೆ ಮಾತ್ರ ಬೆರಳು ಹಳೇ ಜಾಗಕ್ಕೇ ಓಡ್ತಿದ್ವು. ಈ ಅಕ್ಷರ ಹೊಸದ್ರಾಗೆ ಎಲ್ಲೈತೆ ನೋಡು, ಹಳೇದ್ರಾಗೆ ಅದೇ ಜಾಗ ಒತ್ತು. ನಿನ್ನ ಹೆಸ್ರೇ ಇದ್ದೀತು, ಹೋಗು."

ತಾನು ಹೊತ್ತು ತಂದ ಹೊಸದು, ಶಾಲೆಯ ಹಳೆಯದು, ಎರಡು ಮಿಷಿನ್ ಪಕ್ಕಪಕ್ಕ. ಈ ಅಜ್ಜಿಯ ಮೇಲೆಯೇ ತಾನು ಹೊಟ್ಟೆಕಿಚ್ಚು ಪಟ್ಟದ್ದು! ಗಂಡ ಸತ್ತ ಮೇಲೆ ಮೊದಲ ಬಾರಿಗೆ ಸರ್ವಮಂಗಳಳ ಕಣ್ಣು ತುಂಬಿತು. ತನ್ನ ಹೆಸರಿನ ಮೊದಲಕ್ಷರಕ್ಕೆ ಕಾಯುತ್ತ ಒಂದೊಂದೇ ಕೀಲಿ ಒತ್ತಿದಳು. ಸಾಲು ಮುಗಿಯಿತು. ಕಣ್ಣು ಒಣಗಿತು. ಎರವಲು ತಂದ ಮಿಷಿನ್ನಿಗೆ ಮುಚ್ಚಳ ಹಾಕಿ, ಕೊಟ್ರಮ್ಮನ ಕಡೆಗೆ ಮೆಲ್ಲಗೆ ತಳ್ಳಿದಳು.

ಹಳೆಯ ಮಿಷಿನ್ನಿನ ಹಾಳೆಯಲ್ಲಿ ಹೀಗಿತ್ತು: 'ಚಂದ್ರಾ, ಕೊಟ್ರಮ್ಮನ ಮೇಲೆ ನಿನಗ್ಯಾಕೆ ಹೊಟ್ಟೆಕಿಚ್ಚು? ನನಗೆ ನೀನೊಬ್ಬಳೇ.'