ಕ್ಯಾಂಟೀನಿನ ಕಿಟಕಿ

ಪೆಟ್ಟಿಗೆಯ ಕಂಡಿಯ ಮೇಲೆ ತಗಡಿನ ಬಿಲ್ಲೆ ಹಿಡಿದ ಗೋಪಿಕಾಳ ಕೈ ಅಲ್ಲೇ ನಿಂತುಬಿಟ್ಟಿತು. ಸೊಲ್ಲಾಪುರದ ಆ ಹೆಣ್ಣುಮಕ್ಕಳ ಶಾಲೆಯ ಕ್ಯಾಂಟೀನಿನಲ್ಲಿ ಪೆಟ್ಟಿಗೆ ಇಟ್ಟು ಅದೇ ಮೊದಲ ದಿನ. ಬೆಳಿಗ್ಗೆಯೇ ಬಿಲ್ಲೆ ಕೊಂಡಿಟ್ಟುಕೊಂಡು, ವಿರಾಮದ ಹೊತ್ತಿಗೆ ಅದನ್ನು ಪೆಟ್ಟಿಗೆಗೆ ಹಾಕಿ ತಿಂಡಿ ಎತ್ತಿಕೊಂಡು ಹೋಗುವುದು. ನೂಕುನುಗ್ಗಲಿಲ್ಲ, ಚಿಲ್ಲರೆಯ ಜಗಳವಿಲ್ಲ. ವಿಜ್ಞಾನ ಪ್ರದರ್ಶನಕ್ಕೆಂದು ಈ ಏರ್ಪಾಟು ರೂಪಿಸಿದವಳು ಅವಳೇ. ಶಾಲೆಯ ಮುಖ್ಯೋಪಾಧ್ಯಾಯಿನಿ ಹೆಡ್‌ಬಾಯಿಯವರು ಎಲ್ಲರೆದುರು ಹೊಗಳಿದ್ದರು.

ಕಿಟಕಿಯಾಚೆ ತಿಂಡಿ ಮಾರುವ ಅಕ್ಕನಾಗಮ್ಮ, ಹುಡುಗಿಯರೆಲ್ಲರ ‘ಮಾವಶಿ’, ಸುಮ್ಮನೆ ಕೂತಿದ್ದಳು. ನಿನ್ನೆಯವರೆಗೂ ಅವಳು ಪ್ರತಿ ಹುಡುಗಿಯ ಕೈ ಹಿಡಿದು ಅಂಗೈಯಲ್ಲಿ ಚಿಲ್ಲರೆ ಇಡುತ್ತಿದ್ದಳು. ಹಿಡಿದಷ್ಟು ಹೊತ್ತು ಏನಾದರೊಂದು ಕೇಳುತ್ತಿದ್ದಳು. ಅಕ್ಕಲಕೋಟೆಯಲ್ಲಿ ತಾಯಿ ತೀರಿಕೊಂಡು ಗೋಪಿಕಾ ಹಾಸ್ಟೆಲಿಗೆ ಬಂದ ಮೇಲೆ ಅವಳ ಕೈ ಹಿಡಿದವರು ಬೇರೆ ಯಾರೂ ಇರಲಿಲ್ಲ. ಅದು ಅವಳಿಗೆ ಹೊಳೆದದ್ದು ಈಗ.

ಅವಳು ಪೆಟ್ಟಿಗೆ ಬಿಟ್ಟು ಕಿಟಕಿಯೊಳಗೆ ಕೈ ಚಾಚಿದಳು.

“ಪೆಟಗಿಯೊಳಗ ಹಾಕವಾ. ನೀನ ಮಾಡಿದ್ದು, ನೀನ ಮರತಿ?” ಎಂದಳು ಅಕ್ಕನಾಗಮ್ಮ.

“ಮರತಿಲ್ರಿ ಮಾವಶಿ. ನಿಮ್ಮ ಕೈಯಾಗ ಕೊಡ್ತೀನ್ರಿ.”

“ಲೌಕರ್ ಗ, ಗೋಪಿಕಾ!” ಹಿಂದಿನ ಹುಡುಗಿಯರು ಅವಸರಪಡಿಸಿದರು. ಆದರೆ ಬಿಲ್ಲೆಯ ಮೇಲೆ ಬಿಗಿದ ಅವಳ ಮುಷ್ಟಿ ಬಿಚ್ಚಿಕೊಳ್ಳಲೇ ಇಲ್ಲ. ಅಕ್ಕನಾಗಮ್ಮ ಒಮ್ಮೆ ಅವಳ ಮುಖ ನೋಡಿದಳು. ಆ ಮುಷ್ಟಿಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡು, ಸಾಲು ಬೆಳೆಯುತ್ತಿದ್ದರೂ ಯಾವ ಅವಸರವೂ ಇಲ್ಲದೆ, ಒಂದೊಂದೇ ಬೆರಳು ಬಿಡಿಸತೊಡಗಿದಳು.

“ರಾತ್ರಿ ಉಂಡಿದ್ದಿ ಇಲ್ಲೋ, ನನ್ನವ್ವ?”