ಆಂಟೆನಾ ತಿರುಗಿದ ಕಡೆ

ಅನುರಾಧಾ ಮೂರನೇ ಸಲ ದಿಕ್ಸೂಚಿ ನೋಡಿದಳು. ಎಂಜಿನಿಯರಾಗಿ ಅವಳೇ ಬರೆದುಕೊಟ್ಟ ನಕ್ಷೆಯ ಪ್ರಕಾರ ಈ ಮೊಬೈಲ್ ಟವರಿನ ಆಂಟೆನಾ ಪೂರ್ವದ ಊರಿನ ಕಡೆಗಿರಬೇಕಿತ್ತು. ಅದು ದಕ್ಷಿಣಕ್ಕೆ ತಿರುಗಿತ್ತು. ದಕ್ಷಿಣಕ್ಕೆ ಕಾಣುತ್ತಿದ್ದದ್ದು, ಆಂಟೆನಾ ಕಟ್ಟಿದ ಭೀಮಶಿಯ ಊರು. ತಾನೇ ಅಳೆಯುವುದರಲ್ಲಿ ತಪ್ಪಿದೆನೇನೋ ಎಂಬ ಅಳುಕು ಹೋಗಿ, ಅವಳಿಗೆ ಅವನ ಮೇಲೆ ಸಂಶಯ ಗಟ್ಟಿಯಾಯಿತು. ವರದಿಯಲ್ಲಿ ಬರೆದರೆ ಅವನ ಕೆಲಸ ಹೋಗುತ್ತಿತ್ತು.

“ಇದನ್ನ ತಿರುಗಿಸಿದವರು ಯಾರ್ರಿ?”

“ನಾನ ತಿರುಗಿಸೇನ್ರಿ.”

“ನಿಮ್ಮ ಮನಿಯವರು ಫೋನಿನ್ಯಾಗ ಛಲೋತ್ನಾಗಿ ಮಾತಾಡ್ಲಿ ಅಂತ?”

“ಅವರೂ ಮಾತಾಡ್ತಾರ್ರಿ, ಯಾಕ ಮಾತಾಡಬಾರದು?” ಭೀಮಶಿ ಹಗ್ಗ ಸುತ್ತುತ್ತಲೇ ಹೇಳಿದ. “ನಿಮ್ಮ ನಕ್ಷ್ಯಾಗಿನ ಊರೂ ನಮ್ಮದ ರೀ, ಹಳೇದು. ಈ ಖೋಲಿ ಹಿಂದ ಹೋಗಿ ಒಂದ್ಸಲ ನೋಡಿ ಬರ್ರಿ, ಮೇಡಂ. ಆಮ್ಯಾಲ ಏನ್ ಬೇಕಾದ್ದು ಬರೀರಿ.”

ಇದೂ ಒಂದು ನೆಪವೆಂದುಕೊಂಡೇ ಅವಳು ಬ್ಯಾಟರಿ ಖೋಲಿಯನ್ನು ಸುತ್ತಿ ಹೋದಳು. ಪೂರ್ವಕ್ಕೆ ಕಣ್ಣು ಹಾಯುವವರೆಗೂ ಅಣೆಕಟ್ಟಿನ ಹಿನ್ನೀರು ನಿಂತಿತ್ತು. ಕಚೇರಿಯಲ್ಲಿ ಕೂತು, ಹಳೆಯ ಭೂಪಟ ನೋಡಿ ಅವಳು ಮುನ್ನೂರು ಮನೆಗಳೆಂದು ಗುರುತು ಹಾಕಿದ್ದ ಜಾಗದಲ್ಲಿ ಒಬ್ಬನು ತೆಪ್ಪದಲ್ಲಿ ಕುಳಿತು ಮೀನಿನ ಬಲೆ ಎಳೆಯುತ್ತಿದ್ದ.